ಮೂಗಿನ ಕಡ್ಡಿಯಿಂದ ರಿಪೋರ್ಟಿನವರೆಗೆ: ಉಸಿರಾಟದ ವೈರಸ್‌ಗಳ ಪಿಸಿಆರ್ ಪರೀಕ್ಷೆಯ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ದೇಶದ 3ನೇ ಕೋವಿಡ್ ಪ್ರಕರಣ 2020ರ ಫೆಬ್ರವರಿ 3ರಂದು ದೃಢಪಟ್ಟದ್ದು ನಮ್ಮ ಕಾಸರಗೋಡು ಜಿಲ್ಲೆಯ ಕಾಞಂಗಾಡಿನಲ್ಲಿ. ಆರಂಭದಲ್ಲಿ ಇಲ್ಲಿನ ಸ್ಯಾಂಪಲ್‌ಗಳು ಜಿಲ್ಲೆ ದಾಟಿ ಹೋಗಬೇಕಿತ್ತು. ಅದೇ ವರ್ಷ ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯದ ಲ್ಯಾಬಿನಲ್ಲಿ ಪರೀಕ್ಷೆ ಶುರುವಾಯಿತು. ಅಲ್ಲಿಂದೀಚೆಗೆ ಮಂಜೇಶ್ವರದಿಂದ ತೃಕ್ಕರಿಪುರದವರೆಗೆ ‘ಪಿಸಿಆರ್’ ಎಂಬ ಪದ ಕೇಳದ ಮನೆಯಿಲ್ಲ. ಆದರೆ ರಿಪೋರ್ಟು ಇಂಗ್ಲಿಷಿನಲ್ಲಿ, ವಿವರಣೆ ಮಲಯಾಳದಲ್ಲಿ. ಎರಡರ ನಡುವೆ ಕನ್ನಡದವರಿಗೆ ಉಳಿದುಹೋದ ಪ್ರಶ್ನೆಗಳು ಬಹಳ. ರೋಗಿಗಳೂ ಮನೆಯವರೂ ಕೇಳುವವು, ಲ್ಯಾಬ್ ಕೆಲಸ ಕಲಿಯುವ ಮಕ್ಕಳು ಕೇಳುವವು ಇಲ್ಲಿ ಒಟ್ಟಿಗೇ ಇವೆ.

ಈ ಪರೀಕ್ಷೆ ನಿಜವಾಗಿ ಹುಡುಕುವುದು ಏನನ್ನು?

ವೈರಸ್ಸಿನ ವಂಶವಾಹಿಯ ಒಂದು ಸಣ್ಣ ತುಣುಕನ್ನು, ಸಾಮಾನ್ಯವಾಗಿ 70ರಿಂದ 150 ಅಕ್ಷರಗಳಷ್ಟು ಉದ್ದದ್ದನ್ನು. ಇಡೀ ವೈರಸ್ಸನ್ನಲ್ಲ, ಅದು ಜೀವಂತ ಇದೆಯೇ ಎಂಬುದನ್ನೂ ಅಲ್ಲ. ಇನ್‌ಫ್ಲುಯೆಂಜಾ, ಕೊರೊನಾ, ಆರ್‌ಎಸ್‌ವಿ, ಎಚ್‌ಎಂಪಿವಿ, ರೈನೋ, ಇವೆಲ್ಲದರ ವಂಶವಾಹಿ ಆರ್‌ಎನ್‌ಎ. ಪಿಸಿಆರ್ ಹಿಗ್ಗಿಸಬಲ್ಲದು, ಅಂದರೆ ಪ್ರತಿಯ ಮೇಲೆ ಪ್ರತಿ ಮಾಡಿ ಹೆಚ್ಚಿಸಬಲ್ಲದು, ಡಿಎನ್‌ಎಯನ್ನು ಮಾತ್ರ. ಹಾಗಾಗಿ ಮೊದಲು ಆರ್‌ಎನ್‌ಎಯಿಂದ ಡಿಎನ್‌ಎ ಪ್ರತಿ ಮಾಡಿಕೊಳ್ಳಬೇಕು. ಆ ಕೆಲಸ ಮಾಡುವ ಕಿಣ್ವ ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್. ‘ಆರ್‌ಟಿ’ ಎಂದು ಪಿಸಿಆರ್‌ನ ಹಿಂದೆ ಸೇರಿಸುವ ಎರಡಕ್ಷರ ಅಲ್ಲಿಂದ ಬಂತು. ಅಡಿನೋವೈರಸ್ ಮಾತ್ರ ಹುಟ್ಟಾ ಡಿಎನ್‌ಎ ವೈರಸ್, ಅದಕ್ಕೆ ಈ ಹೆಜ್ಜೆ ಬೇಡ.

‘ಜೆನೆಟಿಕ್ ಟೆಸ್ಟ್’ ಅಂದರೆ ನಮ್ಮ ಜೀನ್ ಓದುತ್ತಾರೆಯೇ?

ಇಲ್ಲ. ಹೆಚ್ಚಿನ ಕಿಟ್‌ಗಳಲ್ಲಿ ಮನುಷ್ಯರದ್ದಾದ ಒಂದೇ ಒಂದು ಜೀನನ್ನು ನೋಡುತ್ತಾರೆ, ಆರ್‌ನೇಸ್ ಪಿ ಎಂಬುದನ್ನು. ಅದು ಎಲ್ಲರಲ್ಲೂ ಇರುವಂಥದ್ದು, ಅದರಿಂದ ನಿಮ್ಮ ಗುರುತು, ಕುಲ, ಕಾಯಿಲೆ ಏನೂ ತಿಳಿಯದು. ನೋಡುವುದು ಒಂದೇ ಕಾರಣಕ್ಕೆ: ಕಡ್ಡಿ ನಿಜಕ್ಕೂ ಮೂಗಿನ ಜೀವಕೋಶಗಳನ್ನು ಕೆರೆದು ತಂದಿದೆಯೇ, ಅಥವಾ ಗಾಳಿಯಲ್ಲಿ ಆಡಿಸಿ ಟ್ಯೂಬಿಗೆ ಹಾಕಿದ್ದಾರೆಯೇ ಎಂದು ತಿಳಿಯಲು.

ಜ್ವರ ಬಂದ ಎಷ್ಟನೇ ದಿನ ಸ್ಯಾಂಪಲ್ ಕೊಟ್ಟರೆ ಒಳ್ಳೆಯದು?

ಇನ್‌ಫ್ಲುಯೆಂಜಾಕ್ಕೆ ಮೊದಲ 3–4 ದಿನ ಸಿಕ್ಕಿದರೆ ಉತ್ತಮ. ದೊಡ್ಡವರಲ್ಲಿ ಒಂದು ವಾರ ಕಳೆಯುವಷ್ಟರಲ್ಲಿ ವೈರಸ್ ಮೂಗಿನಲ್ಲಿ ಬಹಳ ಇಳಿದಿರುತ್ತದೆ. ಮಕ್ಕಳಲ್ಲಿ, ರೋಗನಿರೋಧಕ ಶಕ್ತಿ ಕುಂದಿದವರಲ್ಲಿ ಹೆಚ್ಚು ದಿನ ಉಳಿಯುತ್ತದೆ. ಕೊರೊನಾ ಸೋಂಕು ತಗಲಿದ ಮರುದಿನವೇ ಓಡಿಬಂದರೆ ನೆಗೆಟಿವ್ ಬರುವ ಸಾಧ್ಯತೆಯೇ ಹೆಚ್ಚು, ಏಕೆಂದರೆ ವೈರಸ್ ಇನ್ನೂ ಹಿಡಿಯುವಷ್ಟು ಬೆಳೆದಿರುವುದಿಲ್ಲ.

ಕಾಯಿಲೆ ಎದೆಗೆ ಇಳಿದ ಮೇಲೆ ಮೂಗು ನೆಗೆಟಿವ್, ಶ್ವಾಸಕೋಶ ಪಾಸಿಟಿವ್ ಆಗಿರುವುದುಂಟು. ವೆಂಟಿಲೇಟರಿನಲ್ಲಿರುವ ರೋಗಿಗೆ ಮೂಗಿನ ಕಡ್ಡಿಯ ಒಂದು ನೆಗೆಟಿವ್ ಹಿಡಿದುಕೊಂಡು ‘ಫ್ಲೂ ಅಲ್ಲ’ ಎಂದುಬಿಡಬಾರದು. ಶ್ವಾಸನಾಳದ ಟ್ಯೂಬಿನಿಂದ ಎಳೆದ ಕಫವನ್ನು ಕಳಿಸಬೇಕು.

ಇನ್ನೊಂದು ಮಾತು. ಇನ್‌ಫ್ಲುಯೆಂಜಾದ ಒಸೆಲ್ಟಾಮಿವಿರ್ ಮಾತ್ರೆ ಲಕ್ಷಣ ಕಂಡ 48 ಗಂಟೆಯೊಳಗೆ ಶುರುವಾದರೆ ಹೆಚ್ಚು ಉಪಯೋಗ. ಬಸುರಿ, ವಯಸ್ಸಾದವರು, ದಮ್ಮು ಇರುವವರು ಮುಂತಾದವರಿಗೆ ವೈದ್ಯರು ರಿಪೋರ್ಟು ಬರುವ ಮುಂಚೆಯೇ ಮಾತ್ರೆ ಬರೆದರೆ ‘ಟೆಸ್ಟು ನೋಡದೆ ಮದ್ದು ಕೊಟ್ಟರು’ ಎಂದು ಗೊಣಗಬೇಡಿ. ಅದು ಸರಿಯಾದ ಕ್ರಮವೇ.

ಕಡ್ಡಿಯನ್ನು ಅಷ್ಟು ಒಳಗೆ ಹಾಕಲೇಬೇಕೇ? ಕಣ್ಣಲ್ಲಿ ನೀರು ಬರುತ್ತದೆ.

ಬರಬೇಕು. ಬಾರದಿದ್ದರೆ ಕಡ್ಡಿ ಮುಟ್ಟಬೇಕಾದಲ್ಲಿ ಮುಟ್ಟಿಲ್ಲ ಎಂದೇ ನಮ್ಮ ಅನುಮಾನ. ವೈರಸ್ ದಟ್ಟವಾಗಿರುವುದು ಮೂಗಿನ ಹೊಳ್ಳೆಯ ಬಾಯಲ್ಲಿ ಅಲ್ಲ. ಮೂಗು ಹಿಂದಕ್ಕೆ ಹೋಗಿ ಗಂಟಲಿಗೆ ಸೇರುವ ಜಾಗದಲ್ಲಿ, ನಾಸೋಫ್ಯಾರಿಂಕ್ಸ್‌ನಲ್ಲಿ.

ತಲೆಯನ್ನು ಸುಮಾರು 70 ಡಿಗ್ರಿ ಹಿಂದಕ್ಕೆ ಬಾಗಿಸಬೇಕು. ಕಡ್ಡಿ ಹೋಗಬೇಕಾದ ದಿಕ್ಕು ಮೇಲಕ್ಕಲ್ಲ, ನೇರ ಹಿಂದಕ್ಕೆ, ಅಂಗುಳಕ್ಕೆ ಸಮಾನಾಂತರವಾಗಿ, ಕಿವಿಯ ಕಡೆ ಗುರಿಯಿಟ್ಟ ಹಾಗೆ. ಹೊಸಬರು ಮಾಡುವ ಮೊದಲ ತಪ್ಪೇ ಇದು: ಮೂಗಿನ ಹೊರಗಿನ ಆಕಾರ ನೋಡಿ ಕಡ್ಡಿಯನ್ನು ಮೇಲಕ್ಕೆ ತಳ್ಳುತ್ತಾರೆ. ಅದು ಒಳಗಿನ ಎಲುಬಿನ ಮಡಿಕೆಗೆ ತಾಗಿ ನಿಲ್ಲುತ್ತದೆ, ರೋಗಿಗೆ ನೋವು, ಕೆಲವೊಮ್ಮೆ ರಕ್ತ, ಸ್ಯಾಂಪಲ್ ಮಾತ್ರ ಸಿಕ್ಕಿರುವುದಿಲ್ಲ. ದೊಡ್ಡವರಲ್ಲಿ ಹೊಳ್ಳೆಯಿಂದ ಕಿವಿಯವರೆಗಿನ ದೂರದ ಸುಮಾರು ಅರ್ಧ ಒಳಹೋದಾಗ ಮೆತ್ತಗಿನ ತಡೆ ಸಿಗುತ್ತದೆ. ಅಲ್ಲಿ ಕೆಲವು ಸೆಕೆಂಡು ಬಿಟ್ಟು, ನಿಧಾನ ತಿರುಗಿಸಿ, ತಿರುಗಿಸುತ್ತಲೇ ಹೊರತೆಗೆಯಬೇಕು. ಒಂದು ಹೊಳ್ಳೆಯಲ್ಲಿ ಬಲವಾದ ತಡೆ ಇದ್ದರೆ ಒತ್ತಬಾರದು, ಇನ್ನೊಂದಕ್ಕೆ ಹೋಗಬೇಕು. ಮೂಗಿನ ಆಪರೇಷನ್ ಆದವರು, ರಕ್ತ ತೆಳು ಮಾಡುವ ಮಾತ್ರೆ ನುಂಗುವವರು ಮೊದಲೇ ಹೇಳಿಬಿಡಿ.

ಗಂಟಲಿನ ಕಡ್ಡಿಗೆ ಟಾನ್ಸಿಲ್ ಮತ್ತು ಹಿಂದಿನ ಗೋಡೆ ಉಜ್ಜಬೇಕು, ನಾಲಿಗೆಯನ್ನಲ್ಲ. ಎರಡೂ ಕಡ್ಡಿಗಳನ್ನು ಒಂದೇ ಟ್ಯೂಬಿಗೆ ಹಾಕುವುದು ವಾಡಿಕೆ.

ಮೆಡಿಕಲ್ ಶಾಪಿನ ಹತ್ತಿ ಕಡ್ಡಿ ಸಾಲದೇ?

ಸಾಲದು. ಮರದ ಹಿಡಿ ಮತ್ತು ಹತ್ತಿಯಿಂದ ಇಳಿಯುವ ಅಂಶಗಳು ಪಿಸಿಆರ್ ಕಿಣ್ವವನ್ನು ತಡೆಯಬಲ್ಲವು. ಕ್ಯಾಲ್ಸಿಯಂ ಆಲ್ಜಿನೇಟ್ ತುದಿಯದ್ದೂ ಹಾಗೆಯೇ. ನೈಲಾನ್, ಡೇಕ್ರಾನ್ ಅಥವಾ ಪಾಲಿಯೆಸ್ಟರ್ ತುದಿ, ಪ್ಲಾಸ್ಟಿಕ್ ಹಿಡಿಯ ಕಡ್ಡಿಯೇ ಬೇಕು. ಒಳ್ಳೆಯ ಕಡ್ಡಿಯ ಹಿಡಿಯಲ್ಲಿ ಮುರಿಯಲೆಂದೇ ಒಂದು ಗೀರು ಇರುತ್ತದೆ.

ಬಂದಡ್ಕದಲ್ಲೋ ಪೆರ್ಲದಲ್ಲೋ ತೆಗೆದ ಸ್ಯಾಂಪಲ್ ಲ್ಯಾಬಿಗೆ ಬರುವಷ್ಟರಲ್ಲಿ ಹಾಳಾಗುವುದಿಲ್ಲವೇ?

ಸರಿಯಾಗಿ ಇಟ್ಟರೆ ಇಲ್ಲ. ಟ್ಯೂಬಿನಲ್ಲಿರುವ 2–3 ಮಿಲಿಲೀಟರ್ ದ್ರವವನ್ನು ವಿಟಿಎಂ ಎನ್ನುತ್ತಾರೆ. ಉಪ್ಪಿನ ಹದದ ದ್ರಾವಣ, ಒಂದಿಷ್ಟು ಪ್ರೋಟೀನ್, ಬ್ಯಾಕ್ಟೀರಿಯಾ ಮತ್ತು ಬೂಷ್ಟು ಬೆಳೆಯದಂತೆ ಔಷಧಿ. ನಸುಗೆಂಪು ಬಣ್ಣ ಫೀನಾಲ್ ರೆಡ್‌ನದು. ಹಳದಿಗೆ ತಿರುಗಿದ್ದರೆ ಅಥವಾ ಕದಡಿದ ಹಾಗಿದ್ದರೆ ಒಳಗೆ ಏನೋ ಬೆಳೆದಿದೆ ಎಂದರ್ಥ, ಆ ಟ್ಯೂಬನ್ನು ಬಳಸಲೇಬಾರದು. ಕುಟುಂಬ ಆರೋಗ್ಯ ಕೇಂದ್ರದಲ್ಲಿ ಪೆಟ್ಟಿಗೆ ಬಂದ ಕೂಡಲೇ ಅವಧಿ ಮುಗಿಯುವ ತಾರೀಕಿನ ಜೊತೆ ಬಣ್ಣವನ್ನೂ ನೋಡುವ ಅಭ್ಯಾಸ ಒಳ್ಳೆಯದು.

ಸ್ಯಾಂಪಲ್ 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ 72 ಗಂಟೆ ತಡೆಯುತ್ತದೆ. ಅದಕ್ಕಿಂತ ತಡವಾಗುವುದಾದರೆ ಮೈನಸ್ 70ಕ್ಕೆ ಹೋಗಬೇಕು. ನಡುವಿನ ದಾರಿ ಎಂದು ಮಾಮೂಲಿ ಫ್ರಿಜ್ಜಿನ ಫ್ರೀಜರಿಗೆ ಹಾಕುವವರಿದ್ದಾರೆ. ಮೈನಸ್ 20ರಲ್ಲಿ ನಿಧಾನ ಹೆಪ್ಪುಗಟ್ಟಿ, ಕರೆಂಟು ಹೋದಾಗ ಕರಗಿ, ಮತ್ತೆ ಹೆಪ್ಪುಗಟ್ಟಿದರೆ ಫ್ರಿಜ್ಜಿನ ಕೆಳಗಿನ ತಟ್ಟೆಯಲ್ಲಿ ಇಟ್ಟದ್ದಕ್ಕಿಂತ ಕಡೆಯಾಗುತ್ತದೆ.

ಪ್ಯಾಕಿಂಗ್ ಮೂರು ಪದರ: ಟ್ಯೂಬು, ಅದರ ಸುತ್ತ ಹೀರುವ ಕಾಗದದೊಂದಿಗೆ ಸೋರದ ಡಬ್ಬಿ ಅಥವಾ ಜಿಪ್ ಚೀಲ, ಹೊರಗೆ ಗಟ್ಟಿ ಪೆಟ್ಟಿಗೆ. ತಂಪಿಗೆ ಜೆಲ್ ಪ್ಯಾಕ್ ಉತ್ತಮ. ಮೀನಿನ ಪೆಟ್ಟಿಗೆಯ ಹಾಗೆ ಬಿಡಿ ಐಸು ತುಂಬಿದರೆ ಮುಳ್ಳೇರಿಯ ದಾಟುವಷ್ಟರಲ್ಲಿ ಅದು ನೀರಾಗಿ, ಲೇಬಲ್ಲಿನ ಶಾಯಿ ಕದಡಿ, ಹೆಸರು ಮಾಯ. ಟ್ಯೂಬು ಸೋರುವುದಕ್ಕೆ ದೊಡ್ಡ ಕಾರಣ ಕಡ್ಡಿಯನ್ನು ಗೀರಿನಲ್ಲಿ ಮುರಿಯದೆ ಉದ್ದಕ್ಕೆ ಬಿಡುವುದು. ಮುಚ್ಚಳ ಕೂತ ಹಾಗೆ ಕಾಣುತ್ತದೆ, ಕೂತಿರುವುದಿಲ್ಲ. ವಿಟಿಎಂ ಅರ್ಧಕ್ಕರ್ಧ ಸೋರಿದ್ದರೆ ಲ್ಯಾಬ್ ಸ್ಯಾಂಪಲನ್ನು ತಿರಸ್ಕರಿಸುತ್ತದೆ. ಪಕ್ಕದ ಟ್ಯೂಬುಗಳ ಹೊರಮೈಗೂ ಅದು ತಗಲಿರುತ್ತದಲ್ಲ.

ಸ್ಯಾಂಪಲ್ ಸರಿಯಿದ್ದರೂ ‘ರಿಜೆಕ್ಟೆಡ್’ ಎಂದು ಬರುವುದೇಕೆ?

ಹೆಸರಿನ ಗೊಂದಲ. ನಮ್ಮ ಜಿಲ್ಲೆಯಲ್ಲಿ ಇದು ಎಲ್ಲ ಕಡೆಗಿಂತ ಜಾಸ್ತಿ ಎಂದರೂ ತಪ್ಪಾಗದು. ಒಂದೇ ದಿನ ನಾಲ್ಕು ಅಬ್ದುಲ್ಲ, ಮೂರು ಗಣೇಶ ಭಟ್. ಮನೆಯಲ್ಲಿ ಕನ್ನಡದ ಹೆಸರು, ಆಧಾರದಲ್ಲಿ ಇಂಗ್ಲಿಷಿನ ಒಂದು ಸ್ಪೆಲಿಂಗ್, ಒಪಿ ಚೀಟಿಯಲ್ಲಿ ಮಲಯಾಳದ ಉಚ್ಚಾರಕ್ಕೆ ತಕ್ಕ ಇನ್ನೊಂದು. ಇನಿಷಿಯಲ್ ಒಮ್ಮೆ ಮುಂದೆ, ಒಮ್ಮೆ ಹಿಂದೆ. ಮನೆಹೆಸರು ಸೇರಿಸಿದ್ದು ಒಂದರಲ್ಲಿ ಮಾತ್ರ. ಟ್ಯೂಬಿನ ಹೆಸರು, ಫಾರ್ಮಿನ ಹೆಸರು ಹೊಂದದಿದ್ದರೆ ಲ್ಯಾಬ್ ಊಹೆ ಮಾಡುವುದಿಲ್ಲ, ಮಾಡಲೂಬಾರದು. ಒಂದು ಸಂಖ್ಯೆ, ವಯಸ್ಸು, ತೆಗೆದ ದಿನ ಮತ್ತು ಗಂಟೆ ಟ್ಯೂಬಿನ ಮೈಮೇಲೆ ಇರಲಿ. ಮುಚ್ಚಳದ ಮೇಲೆ ಬರೆಯಬೇಡಿ, ಕೆಲಸದ ನಡುವೆ ಮುಚ್ಚಳಗಳು ಅದಲುಬದಲಾಗಬಹುದು.

ಲ್ಯಾಬಿನೊಳಗೆ ಮೊದಲು ನಡೆಯುವುದೇನು?

ಟ್ಯೂಬು ತೆರೆಯುವುದು ಎರಡನೇ ದರ್ಜೆಯ ಜೈವಿಕ ಸುರಕ್ಷತಾ ಕ್ಯಾಬಿನೆಟ್ಟಿನಲ್ಲಿ ಮಾತ್ರ. ಅಲ್ಲಿಂದ 200 ಮೈಕ್ರೋಲೀಟರ್ ತೆಗೆದು ಲೈಸಿಸ್ ಬಫರಿಗೆ ಹಾಕುತ್ತಾರೆ. ಅದರಲ್ಲಿನ ಗ್ವಾನಿಡಿನ್ ಲವಣ ವೈರಸ್ಸಿನ ಕವಚ ಒಡೆಯುತ್ತದೆ, ಆರ್‌ಎನ್‌ಎ ಕತ್ತರಿಸುವ ಕಿಣ್ವಗಳನ್ನೂ ಕೆಲಸಕ್ಕೆ ಬಾರದಂತೆ ಮಾಡುತ್ತದೆ. ಆಮೇಲೆ ಆಲ್ಕೊಹಾಲ್ ಸೇರಿಸಿ ಸಿಲಿಕಾ ಕಾಲಂ (ಸಿಲಿಕಾ ಪದರವಿರುವ ಪುಟ್ಟ ಕೊಳವೆ) ಮೂಲಕ ಹಾಯಿಸಿದರೆ ಆರ್‌ಎನ್‌ಎ ಅಲ್ಲಿ ಅಂಟಿ ಉಳಿಯುತ್ತದೆ. ಎರಡು ಸಲ ತೊಳೆದು, ಕೊನೆಗೆ 60 ಮೈಕ್ರೋಲೀಟರ್ ಶುದ್ಧ ದ್ರವದಲ್ಲಿ ಬಿಡಿಸಿಕೊಳ್ಳುವುದು. ಯಂತ್ರಗಳಲ್ಲಿ ಕಾಲಂ ಬದಲು ಕಾಂತದ ಮಣಿಗಳು, ತತ್ವ ಅದೇ.

ಕಲಿಯುವವರು ಎಡವುವುದು ಇಲ್ಲಿಯೇ. ಎರಡನೇ ತೊಳೆತದ ನಂತರ ಕಾಲಂ ಅನ್ನು ಖಾಲಿಯಾಗಿ ಇನ್ನೊಮ್ಮೆ ಜೋರಾಗಿ ತಿರುಗಿಸಬೇಕು. ಅವಸರದಲ್ಲಿ ಬಿಟ್ಟರೆ ಉಳಿದ ಎಥನಾಲ್ ಮುಂದಿನ ಕಿಣ್ವವನ್ನು ತಡೆದು ಪಾಸಿಟಿವ್ ಸ್ಯಾಂಪಲ್ ನೆಗೆಟಿವ್ ಆಗಿ ಕಾಣುತ್ತದೆ. ಮಣಿಗಳ ವಿಧಾನದಲ್ಲಿ ಇದಕ್ಕೆ ತದ್ವಿರುದ್ಧ ಅಪಾಯವೂ ಇದೆ, ಅತಿಯಾಗಿ ಒಣಗಿಸಿದರೆ ಆರ್‌ಎನ್‌ಎ ಬಿಡಿಸಿಕೊಳ್ಳುವುದಿಲ್ಲ. ಕೊನೆಯ ದ್ರವವನ್ನು ಕಾಲಂನ ಪದರದ ನಟ್ಟನಡುವೆ ಬಿಡಬೇಕು, ಗೋಡೆಗಲ್ಲ.

ಚೆಲ್ಲಿದ್ದನ್ನು ಒರೆಸುವಾಗ ಎಚ್ಚರ. ಬೆಂಚನ್ನು ಶೇಕಡಾ 1ರ ಹೈಪೋಕ್ಲೋರೈಟಿನಿಂದ, ಬಳಿಕ ಶೇಕಡಾ 70ರ ಆಲ್ಕೊಹಾಲಿನಿಂದ ಒರೆಸುವುದು ಸರಿ. ಆದರೆ ಲೈಸಿಸ್ ಬಫರ್ ಚೆಲ್ಲಿದಲ್ಲಿ ಬ್ಲೀಚ್ ಸುರಿಯಬಾರದು, ಗ್ವಾನಿಡಿನ್ ಜೊತೆ ಸೇರಿ ವಿಷಾನಿಲ ಹೊಮ್ಮುತ್ತದೆ. ಕಾಲಂನ ಕೆಳಗೆ ಸಂಗ್ರಹವಾದ ತ್ಯಾಜ್ಯಕ್ಕೂ ಇದೇ ಮಾತು.

ಒಂದು ಲೆಕ್ಕ ಹೇಳಿ: ಮೂಗಿನಲ್ಲಿದ್ದುದರಲ್ಲಿ ಎಷ್ಟು ಪಾಲು ಯಂತ್ರಕ್ಕೆ ಹೋಗುತ್ತದೆ?

ಇದನ್ನು ಎಲ್ಲರೂ ಕೇಳಬೇಕು, ಕೇಳುವವರು ಕಡಿಮೆ. 3 ಮಿಲಿಲೀಟರ್ ವಿಟಿಎಂನಲ್ಲಿ ನಾವು ತೆಗೆದುಕೊಳ್ಳುವುದು 200 ಮೈಕ್ರೋಲೀಟರ್, ಅಂದರೆ 15ರಲ್ಲಿ ಒಂದು ಪಾಲು. ಅದರಿಂದ ಬಂದ 60 ಮೈಕ್ರೋಲೀಟರ್ ಆರ್‌ಎನ್‌ಎಯಲ್ಲಿ ಪಿಸಿಆರ್‌ಗೆ ಹಾಕುವುದು 5, ಅಂದರೆ 12ರಲ್ಲಿ ಒಂದು ಪಾಲು. ಒಟ್ಟು 180ರಲ್ಲಿ ಒಂದು. ಎಲ್ಲೂ ಏನೂ ನಷ್ಟವಾಗದಿದ್ದರೂ ಯಂತ್ರದ ಬಾವಿಗೆ (ಪ್ಲೇಟಿನ ಪುಟ್ಟ ಗುಳಿಗೆ) ಒಂದು ಪ್ರತಿ ಬೀಳಬೇಕಾದರೆ ಟ್ಯೂಬಿನಲ್ಲಿ 180 ಪ್ರತಿಗಳಿರಬೇಕು. ಚಾಲಿ ಅಡಿಕೆಯ ರಾಶಿಯಿಂದ ಒಂದು ಮುಷ್ಟಿ ತೆಗೆದು ದರ ಹೇಳುವ ಹಾಗೆ: ಮುಷ್ಟಿಯಲ್ಲಿ ಬಂದುದಕ್ಕಷ್ಟೇ ದರ. ರಿಪೋರ್ಟಿನಲ್ಲಿ ‘ನಾಟ್ ಡಿಟೆಕ್ಟೆಡ್’ ಎಂದಿದ್ದರೆ ಆ 5 ಮೈಕ್ರೋಲೀಟರಿನಲ್ಲಿ ಸಿಗಲಿಲ್ಲ ಎಂದು ಓದಬೇಕು.

ಪಿಸಿಆರ್ ಯಂತ್ರಕ್ಕೆ ಹಾಕುವ ಮಿಶ್ರಣದಲ್ಲಿ ಏನೇನಿರುತ್ತದೆ?

ಅಳತೆ ಕಿಟ್ಟಿನಿಂದ ಕಿಟ್ಟಿಗೆ ಬೇರೆ. 25 ಮೈಕ್ರೋಲೀಟರಿನ ಒಂದು ಸಾಮಾನ್ಯ ಹದ ಹೀಗೆ: ಎರಡು ಪಟ್ಟು ಗಾಢತೆಯ ಬಫರ್ 12.5, ಕಿಣ್ವ 1, ಪ್ರೈಮರ್ ಮತ್ತು ಪ್ರೋಬ್ 1.5, ನೀರು 5, ಕೊನೆಗೆ ಆರ್‌ಎನ್‌ಎ 5. ಸ್ಯಾಂಪಲ್ 21, ಕಂಟ್ರೋಲ್ (ಪರೀಕ್ಷೆ ಸರಿಯಾಗಿ ನಡೆದಿದೆಯೇ ಎಂದು ನೋಡಲು ಹಾಕುವ, ಉತ್ತರ ಮೊದಲೇ ಗೊತ್ತಿರುವಂಥವು) 3, ಒಟ್ಟು 24 ಇದ್ದರೆ ಮಿಶ್ರಣವನ್ನು 26ಕ್ಕೆ ಮಾಡಿಕೊಳ್ಳಿ. ಪಿಪೆಟ್ಟಿನ ತುದಿಯಲ್ಲಿ ಪ್ರತಿಸಲ ಚೂರುಚೂರು ಉಳಿದು ಕೊನೆಯ ಬಾವಿಗೆ ಸಾಲದೆ ಬರುತ್ತದೆ. 26ಕ್ಕೆ ಬಫರ್ 325, ಕಿಣ್ವ 26, ಪ್ರೈಮರ್-ಪ್ರೋಬ್ 39, ನೀರು 130, ಒಟ್ಟು 520 ಮೈಕ್ರೋಲೀಟರ್.

ಪ್ರೈಮರ್ ಎಂದರೆ ವೈರಸ್ಸಿನ ತುಣುಕಿನ ಎರಡು ತುದಿಗಳನ್ನು ಗುರುತಿಸುವ ಗಿಡ್ಡ ಎಳೆಗಳು. ಪ್ರೋಬ್ ನಡುವೆ ಕೂರುವಂಥದ್ದು. ಅದರ ಒಂದು ಕೊನೆಯಲ್ಲಿ ಹೊಳೆಯುವ ಬಣ್ಣ, ಇನ್ನೊಂದು ಕೊನೆಯಲ್ಲಿ ಆ ಹೊಳಪನ್ನು ನುಂಗುವ ಅಣು. ಪ್ರತಿ ಹೊಸ ಎಳೆ ಬೆಳೆಯುವಾಗ ಕಿಣ್ವ ಪ್ರೋಬನ್ನು ಕತ್ತರಿಸುತ್ತದೆ, ಬಣ್ಣ ಬಿಡುಗಡೆಯಾಗಿ ಹೊಳೆಯುತ್ತದೆ, ಯಂತ್ರ ಅದನ್ನು ಅಳೆಯುತ್ತದೆ. ಫ್ಯಾಮ್, ಹೆಕ್ಸ್, ಟೆಕ್ಸಸ್ ರೆಡ್, ಸೈ5 ಎಂದು ಬೇರೆ ಬೇರೆ ಬಣ್ಣ ಕಟ್ಟಿ ಒಂದೇ ಬಾವಿಯಲ್ಲಿ ಫ್ಲೂ ಎ, ಫ್ಲೂ ಬಿ, ಕೊರೊನಾ ಮತ್ತು ಆರ್‌ನೇಸ್ ಪಿ ನೋಡಬಹುದು. ಪ್ರೋಬ್ ಬೆಳಕಿಗೆ ಕಂಗೆಡುತ್ತದೆ. ಕಿಟಕಿ ಪಕ್ಕದ ಬೆಂಚಿನಲ್ಲಿ ತೆರೆದಿಟ್ಟು ಚಾಯ ಕುಡಿಯಲು ಹೋಗಬೇಡಿ.

ಯಂತ್ರದೊಳಗೆ 50 ಡಿಗ್ರಿಯಲ್ಲಿ ಸುಮಾರು 15 ನಿಮಿಷ ಆರ್‌ಎನ್‌ಎಯಿಂದ ಡಿಎನ್‌ಎ ಆಗುತ್ತದೆ. 95ರಲ್ಲಿ 2 ನಿಮಿಷ ಕಿಣ್ವ ಎಚ್ಚರಗೊಳ್ಳುತ್ತದೆ. ಆಮೇಲೆ 95ರಲ್ಲಿ ಕೆಲವು ಸೆಕೆಂಡು, 55–60ರಲ್ಲಿ ಅರ್ಧ ನಿಮಿಷ, ಹೀಗೆ 40–45 ಸುತ್ತು. 95 ಡಿಗ್ರಿಯಲ್ಲೂ ಕೆಡದ ಟ್ಯಾಕ್ ಕಿಣ್ವ ಮೂಲತಃ ಅಮೆರಿಕದ ಬಿಸಿನೀರ ಬುಗ್ಗೆಯ ಬ್ಯಾಕ್ಟೀರಿಯಾದ್ದು. ಪಿಸಿಆರ್ ಕಂಡುಹಿಡಿದ ಕ್ಯಾರಿ ಮುಲ್ಲಿಸ್‌ಗೆ 1993ರಲ್ಲಿ ನೊಬೆಲ್ ಬಂತು.

ಸಿಟಿ ಮೌಲ್ಯ ಎಂದರೆ ಸಿಟಿ ಸ್ಕ್ಯಾನಿನ ಮಾರ್ಕೇ?

ಅಲ್ಲ, ಸಂಬಂಧವೇ ಇಲ್ಲ. ಸ್ಕ್ಯಾನಿನ ಸಿಟಿ ಶ್ವಾಸಕೋಶದ ಚಿತ್ರ. ಇಲ್ಲಿನ ಸಿಟಿ ಎಂದರೆ ಎಷ್ಟನೇ ಸುತ್ತಿನಲ್ಲಿ ಹೊಳಪು ನಿಗದಿತ ಗಡಿಗೆರೆ ದಾಟಿತು ಎಂಬುದು. ಪ್ರತಿ ಸುತ್ತಿಗೂ ಪ್ರತಿಗಳು ದುಪ್ಪಟ್ಟು: 10 ಸುತ್ತಿಗೆ 1024, 30 ಸುತ್ತಿಗೆ 107 ಕೋಟಿ. ಶುರುವಿನಲ್ಲಿ ವೈರಸ್ ಹೆಚ್ಚಿದ್ದರೆ ಬೇಗ ದಾಟುತ್ತದೆ. ಹಾಗಾಗಿ ಸಂಖ್ಯೆ ಚಿಕ್ಕದಾದಷ್ಟೂ ವೈರಸ್ ಜಾಸ್ತಿ. 18 ಮತ್ತು 28ರ ನಡುವೆ ಅಂತರ ಹತ್ತಲ್ಲ, ಸಾವಿರ ಪಟ್ಟು.

ಆದರೂ ‘ನನಗೆ 22, ಮೈದುನನಿಗೆ 29, ಅವನಿಗೆ ಕಡಿಮೆ’ ಎಂದು ಮನೆಯೊಳಗೆ ಹೋಲಿಸುವುದರಲ್ಲಿ ಹುರುಳಿಲ್ಲ. ಕಡ್ಡಿ ಎಷ್ಟು ಕೆರೆಯಿತು, ವಿಟಿಎಂ 2 ಮಿಲಿಯೋ 3 ಮಿಲಿಯೋ, ಯಾವ ಕಿಟ್ಟು, ಯಾವ ಜೀನು ಎಂಬುದರ ಮೇಲೆಲ್ಲ ಈ ಸಂಖ್ಯೆ ಬದಲಾಗುತ್ತದೆ. ಕಾಯಿಲೆ ಎಷ್ಟು ಜೋರು ಎಂಬುದಕ್ಕೂ ಇದು ಅಳತೆಗೋಲಲ್ಲ. ಕೋವಿಡ್ ಸಮಯದಲ್ಲಿ ಐಸಿಎಂಆರ್ 35ರವರೆಗಿನದನ್ನು ಪಾಸಿಟಿವ್ ಎಂದು ಪರಿಗಣಿಸಲು ಹೇಳಿತ್ತು. ಬೇರೆ ವೈರಸ್, ಬೇರೆ ಕಿಟ್ಟಿಗೆ ಗಡಿ ಬೇರೆ.

ಲ್ಯಾಬಿನವರು ಸಂಖ್ಯೆಗಿಂತ ಮೊದಲು ಹೊಳಪಿನ ಏರಿಕೆ ತೋರಿಸುವ ಗೆರೆಯ ಆಕಾರ ನೋಡಬೇಕು. ನಿಜವಾದ ಪಾಸಿಟಿವ್ ನೆಲದ ಮಟ್ಟದಲ್ಲಿ ಮಲಗಿ, ಸರಕ್ಕನೆ ಏರಿ, ಮೇಲೆ ಸಮತಟ್ಟಾಗುತ್ತದೆ. ಮೊದಲ ಸುತ್ತಿನಿಂದಲೇ ಇಳಿಜಾರಿನಂತೆ ಓರೆಯಾಗಿ ಏರುತ್ತ ಹೋಗಿ 36ರಲ್ಲಿ ಗಡಿಗೆರೆ ಮುಟ್ಟಿದ್ದನ್ನು ಸಾಫ್ಟ್‌ವೇರ್ ಪಾಸಿಟಿವ್ ಎಂದು ಬರೆದರೂ ನಾವು ಬರೆಯಬಾರದು. ಅದು ಗುಳ್ಳೆ, ಸರಿಯಾಗಿ ಅಂಟದ ಸೀಲ್ ಅಥವಾ ಅಂಚಿನ ಬಾವಿಯಲ್ಲಿ ಆವಿಯಾದದ್ದು. ಪ್ಲೇಟನ್ನು ಯಂತ್ರಕ್ಕೆ ಹಾಕುವ ಮೊದಲು ಅರೆಗಳಿಗೆ ತಿರುಗಿಸಿ ಗುಳ್ಳೆ ಒಡೆಯಿರಿ, ಸೀಲಿನ ನಾಲ್ಕೂ ಅಂಚು ಒತ್ತಿ.

ನೀರು ಮಾತ್ರ ಹಾಕಿದ ಕಂಟ್ರೋಲಿನಲ್ಲೂ ಗೆರೆ ಎದ್ದರೆ?

ಆ ರನ್ನಿನ (ಯಂತ್ರದ ಆ ಓಟದ) ಯಾವ ಪಾಸಿಟಿವನ್ನೂ ಹೊರಬಿಡಬಾರದು. ಎಲ್ಲಿಂದಲೋ ಡಿಎನ್‌ಎ ತೂರಿಕೊಂಡಿದೆ. ಮುಗಿದ ಒಂದು ಪಿಸಿಆರ್ ಟ್ಯೂಬಿನಲ್ಲಿ ಲಕ್ಷಾಂತರ ಕೋಟಿ ಪ್ರತಿಗಳಿರುತ್ತವೆ. ಮುಚ್ಚಳ ಒಮ್ಮೆ ತೆರೆದರೆ ಸಾಕು, ಕೋಣೆಯ ಗಾಳಿ, ಬಾಗಿಲ ಹಿಡಿ, ಪಿಪೆಟ್ಟು ಎಲ್ಲ ಕಲುಷಿತ. ಅದಕ್ಕೇ ಮಿಶ್ರಣ ಮಾಡುವ ಕೋಣೆ, ಆರ್‌ಎನ್‌ಎ ಸೇರಿಸುವ ಕೋಣೆ, ಯಂತ್ರದ ಕೋಣೆ ಬೇರೆ ಬೇರೆ. ನಡೆ ಒಂದೇ ದಿಕ್ಕಿಗೆ. ಯಂತ್ರದ ಕೋಣೆಯ ಕೋಟು ಮಿಶ್ರಣದ ಕೋಣೆಗೆ ಬರಕೂಡದು. ಫಿಲ್ಟರ್ ಇರುವ ಟಿಪ್ಪೇ ಬಳಸಬೇಕು. ಕೆಲವು ಕಿಟ್‌ಗಳಲ್ಲಿ ಯುಎನ್‌ಜಿ ಎಂಬ ಕಿಣ್ವ ಹಳೆಯ ರನ್ನಿನ ಪ್ರತಿಗಳನ್ನು ಮೊದಲೇ ಕತ್ತರಿಸಿಹಾಕುತ್ತದೆ. ಒಳ್ಳೆಯದೇ, ಆದರೆ ಪಕ್ಕದ ಸ್ಯಾಂಪಲಿನ ಹನಿ ಸಿಡಿದದ್ದನ್ನು ಅದು ತಡೆಯಲಾರದು.

ಪಾಸಿಟಿವ್ ಕಂಟ್ರೋಲ್ ಏಳದಿದ್ದರೆ ಇದರ ಉಲ್ಟಾ: ಯಾವ ನೆಗೆಟಿವನ್ನೂ ನಂಬುವ ಹಾಗಿಲ್ಲ. ಯಾರೋ ಕಿಣ್ವ ಹಾಕಲು ಮರೆತಿರುತ್ತಾರೆ. ಇದೇ ಹೆಚ್ಚು.

ರಿಪೋರ್ಟಿನಲ್ಲಿ ‘ಇನ್‌ವ್ಯಾಲಿಡ್’ ಎಂದಿದೆ, ‘ಇನ್‌ಕನ್‌ಕ್ಲೂಸಿವ್’ ಎಂದಿದೆ. ಎರಡೂ ಒಂದೇ ಅಲ್ಲವೇ?

ಬೇರೆ. ಇನ್‌ವ್ಯಾಲಿಡ್ ಎಂದರೆ ಆರ್‌ನೇಸ್ ಪಿಯೂ ಸಿಗಲಿಲ್ಲ: ಕಡ್ಡಿಯಲ್ಲಿ ಕೋಶ ಇರಲಿಲ್ಲ, ಅಥವಾ ರಕ್ತ, ದಪ್ಪ ಸಿಂಬಳ, ಉಳಿದ ಆಲ್ಕೊಹಾಲ್ ಯಾವುದೋ ಅಡ್ಡಬಂತು. ಲ್ಯಾಬ್ ಮೊದಲು ಉಳಿದ ವಿಟಿಎಂನಿಂದ ಮರಳಿ ಮಾಡುತ್ತದೆ, ಕೆಲವೊಮ್ಮೆ ಆರ್‌ಎನ್‌ಎಯನ್ನು ಹತ್ತು ಪಟ್ಟು ತೆಳು ಮಾಡಿ. ಅಡ್ಡಿಯ ವಸ್ತು ತೆಳುವಾದರೆ ಅಡಗಿದ್ದ ವೈರಸ್ ಕಾಣಿಸಿಕೊಳ್ಳುವುದುಂಟು. ಆಗಲೂ ಬರದಿದ್ದರೆ ಹೊಸ ಸ್ಯಾಂಪಲ್ ಬೇಕು.

ಇನ್‌ಕನ್‌ಕ್ಲೂಸಿವ್ ಎಂದರೆ ಎರಡು ಜೀನ್ ನೋಡುವಲ್ಲಿ ಒಂದು ಸಿಕ್ಕಿ ಇನ್ನೊಂದು ಸಿಗಲಿಲ್ಲ. ವೈರಸ್ ತೀರ ಕಡಿಮೆ ಇರಬಹುದು, ರೂಪಾಂತರದಿಂದ ಪ್ರೈಮರ್ ಕೂರದೆಯೂ ಇರಬಹುದು. ಆಲ್ಫಾ ಮತ್ತು ಮೊದಲ ಓಮಿಕ್ರಾನ್ ಬಂದಾಗ ಎಸ್ ಜೀನ್ ಮಾತ್ರ ಸಿಗದೆ ಬೀಳುತ್ತಿದ್ದುದು ಹೀಗೆಯೇ. ಆ ಬೀಳುವಿಕೆಯೇ ರೂಪಾಂತರದ ಸುಳಿವಾಯಿತು.

ಮಂಗಳೂರಲ್ಲಿ ಪಾಸಿಟಿವ್, ಎರಡು ದಿನ ಬಿಟ್ಟು ಕಾಸರಗೋಡಿನಲ್ಲಿ ನೆಗೆಟಿವ್. ಯಾರದ್ದು ಸುಳ್ಳು?

ಬಹುಶಃ ಯಾರದ್ದೂ ಅಲ್ಲ. ದಿನ ಬೇರೆ, ಕಡ್ಡಿ ಬೇರೆ, ಕಿಟ್ಟು ಬೇರೆ. ವೈರಸ್ ಅಂಚಿನಲ್ಲಿದ್ದಾಗ ಒಂದೇ ಟ್ಯೂಬನ್ನು ಒಂದೇ ಲ್ಯಾಬಿನಲ್ಲಿ ಎರಡು ಸಲ ಮಾಡಿದರೂ ಉತ್ತರ ಬೇರೆ ಬರಬಹುದು. 5 ಮೈಕ್ರೋಲೀಟರಿಗೆ ಸರಾಸರಿ ಒಂದು ಪ್ರತಿ ಇದ್ದರೆ, ನೂರು ಸಲ ತೆಗೆದಾಗ ಸುಮಾರು 37 ಸಲ ಒಂದೂ ಬಂದಿರುವುದಿಲ್ಲ. ಇದು ಕೈತಪ್ಪಲ್ಲ, ಗಣಿತ.

2021ರ ಆಗಸ್ಟಿನಲ್ಲಿ ಕರ್ನಾಟಕಕ್ಕೆ ಹೋಗಲು 72 ಗಂಟೆಯೊಳಗಿನ ನೆಗೆಟಿವ್ ರಿಪೋರ್ಟು ಕಡ್ಡಾಯವಿದ್ದಾಗ ಗಡಿಯ ತಲಪಾಡಿಯಲ್ಲಿ ಇಂಥ ವಾದಗಳಿಗೆ ಲೆಕ್ಕವಿರಲಿಲ್ಲ. ಗುಣವಾಗಿ ವಾರಗಳು ಕಳೆದ ಕೆಲವರಿಗೂ ಪಾಸಿಟಿವ್ ಬರುತ್ತಿತ್ತು. ಸತ್ತ ವೈರಸ್ಸಿನ ಆರ್‌ಎನ್‌ಎ ಚೂರುಗಳನ್ನೂ ಪಿಸಿಆರ್ ಎಣಿಸುತ್ತದೆ. ಆಸ್ಪತ್ರೆಗೂ ಕಾಲೇಜಿಗೂ ದಿನಾ ಗಡಿ ದಾಟಬೇಕಾದ ಜನರಿಗೆ ಅದು ಪರೀಕ್ಷೆಯ ಸ್ವಭಾವಕ್ಕೆ ಒಗ್ಗದ ನಿಯಮವಾಗಿತ್ತು ಎನ್ನಲು ಸಂಕೋಚವಿಲ್ಲ.

ಹತ್ತಿಪ್ಪತ್ತು ವೈರಸ್ ಒಟ್ಟಿಗೆ ನೋಡುವ ‘ಪ್ಯಾನೆಲ್’ ಮಾಡಿಸಿದರೆ ಎಲ್ಲ ಗೊತ್ತಾಗುವುದಲ್ಲವೇ?

ಗೊತ್ತಾಗುವುದು ಜಾಸ್ತಿ, ಉಪಯೋಗಕ್ಕೆ ಬರುವುದು ಕಡಿಮೆ. ಐಸಿಯುವಿನಲ್ಲಿರುವವರಿಗೆ, ಕಿಮೋಥೆರಪಿಯವರಿಗೆ, ಕಾರಣ ತಿಳಿಯದ ನ್ಯುಮೋನಿಯಾಕ್ಕೆ ಪ್ಯಾನೆಲ್ ಬೆಲೆಯುಳ್ಳದ್ದು. ಅಂಗನವಾಡಿಗೆ ಹೋಗುವ ಮಗುವಿಗೆ ಮಾಡಿಸಿದರೆ ರೈನೋ ಒಂದು, ಅಡಿನೋ ಒಂದು ಎಂದು ಎರಡು ಹೆಸರು ಬರುವುದು ಸಾಮಾನ್ಯ. ರೈನೋವೈರಸ್ ಶೀತ ವಾಸಿಯಾದ ಮೇಲೂ ವಾರಗಟ್ಟಲೆ ಸಿಗುತ್ತದೆ, ಏನೂ ಇಲ್ಲದ ಮಕ್ಕಳಲ್ಲೂ ಸಿಗುತ್ತದೆ. ಸಿಕ್ಕಿದ್ದೇ ಕಾರಣ ಎನ್ನಲಾಗದು. ಯಾವ ಹೆಸರು ಬಂದರೂ ಮನೆಯಲ್ಲಿ ನೋಡಬೇಕಾದದ್ದು ಬದಲಾಗುವುದಿಲ್ಲ: ಮಗು ವೇಗವಾಗಿ ಉಸಿರಾಡುತ್ತಿದೆಯೇ, ಪಕ್ಕೆಲುಬಿನ ನಡುವೆ ಒಳಕ್ಕೆ ಸೆಳೆಯುತ್ತಿದೆಯೇ, ಹಾಲು ಬಿಟ್ಟಿದೆಯೇ.

2025ರ ಜನವರಿಯಲ್ಲಿ ಬೆಂಗಳೂರಿನ ಎರಡು ಶಿಶುಗಳಲ್ಲಿ ಎಚ್‌ಎಂಪಿವಿ ಪತ್ತೆಯಾದ ಸುದ್ದಿ ಬಂದಾಗ ಇಲ್ಲೂ ಗಾಬರಿಯಾಗಿತ್ತು. ಅದು ಹೊಸ ವೈರಸ್ ಅಲ್ಲ. 2001ರಲ್ಲೇ ನೆದರ್‌ಲ್ಯಾಂಡಿನಲ್ಲಿ ಗುರುತಾಗಿದೆ, ಅದಕ್ಕಿಂತ ಬಹಳ ಹಿಂದಿನಿಂದಲೂ ಮನುಷ್ಯರಲ್ಲಿ ಇತ್ತು.

ಟ್ರೂನ್ಯಾಟ್, ಜೀನ್ ಎಕ್ಸ್‌ಪರ್ಟ್, ಮನೆಯ ಆಂಟಿಜನ್ ಕಿಟ್: ಯಾವುದು ಬೇಕು?

ಗೋವಾದಲ್ಲಿ ತಯಾರಾಗುವ ಟ್ರೂನ್ಯಾಟ್ ಬ್ಯಾಟರಿಯಲ್ಲೂ ನಡೆಯುವ ಚಿಪ್ ಯಂತ್ರ. ಜೀನ್ ಎಕ್ಸ್‌ಪರ್ಟ್‌ನಲ್ಲಿ ಕಾರ್ಟ್ರಿಡ್ಜ್ ಒಳಗೇ ಎಲ್ಲ ಕೆಲಸ ಮುಗಿಯುತ್ತದೆ. ಎರಡೂ ಕ್ಷಯದ ಪರೀಕ್ಷೆಯಿಂದ ನಮಗೆ ಪರಿಚಿತ. ಒಂದೆರಡು ಗಂಟೆಯೊಳಗೆ ಉತ್ತರ, ಆದರೆ ಒಮ್ಮೆಗೆ ಕೆಲವೇ ಸ್ಯಾಂಪಲ್. ತುರ್ತು ಹೆರಿಗೆ, ಆಪರೇಷನ್ನಿಗೆ ಅವು. ನೂರಾರು ಸ್ಯಾಂಪಲ್ಲಿಗೆ ದೊಡ್ಡ ಪಿಸಿಆರ್. ಆಂಟಿಜನ್ ಕಿಟ್ ಹಿಗ್ಗಿಸುವುದಿಲ್ಲ, ಇದ್ದುದನ್ನೇ ನೋಡುತ್ತದೆ. ಲಕ್ಷಣ ಇರುವವರಲ್ಲಿ ಎರಡು ಗೆರೆ ಬಂದರೆ ನಂಬಬಹುದು, ಒಂದೇ ಗೆರೆ ಬಂದರೆ ನಿಶ್ಚಿಂತೆ ಪಡಬೇಡಿ.

ಬೆಳಿಗ್ಗೆ ಕೊಟ್ಟರೆ ಸಂಜೆಗೆ ರಿಪೋರ್ಟು ಏಕಿಲ್ಲ?

ಶುದ್ಧ ಕೆಲಸ 4–5 ಗಂಟೆಯದ್ದು. ಉಳಿದ ಸಮಯ ಸಾಗಾಟ, ನೋಂದಣಿ ಮತ್ತು ಪ್ಲೇಟು ತುಂಬುವಷ್ಟು ಸ್ಯಾಂಪಲಿಗೆ ಕಾಯುವುದು. ಮಳೆಗಾಲದಲ್ಲಿ ಫ್ಲೂ ಏರುವ ಹೊತ್ತಿಗೇ ಕರೆಂಟೂ ಕೈಕೊಡುತ್ತದೆ. 28ನೇ ಸುತ್ತಿನಲ್ಲಿ ಯುಪಿಎಸ್ ಸೋತು ಯಂತ್ರ ನಿಂತರೆ ಅಲ್ಲಿಂದ ಮುಂದುವರಿಸುವಂತಿಲ್ಲ, ಉಳಿದ ಆರ್‌ಎನ್‌ಎಯಿಂದ ಮೊದಲಿನಿಂದ ಶುರು. 60 ಮೈಕ್ರೋಲೀಟರಿನಲ್ಲಿ 5 ಮಾತ್ರ ಬಳಸಿ ಉಳಿದದ್ದನ್ನು ಮೈನಸ್ 70ರಲ್ಲಿ ಇಡುವುದು ಇದಕ್ಕೂ ಸೇರಿ.

ನಿಪಾ ಅನುಮಾನ ಇದ್ದರೆ ಇದೇ ಲ್ಯಾಬಿಗೆ ಕಡ್ಡಿ ಕಳಿಸಬಹುದೇ?

ಕೂಡದು. ವಿಧಾನ ಪಿಸಿಆರೇ ಆದರೂ ನಿಪಾ ಅತಿ ಅಪಾಯದ ವೈರಸ್. ಅನುಮಾನ ಬಂದ ಕೂಡಲೇ ರೋಗಿಯನ್ನು ಬೇರೆಯಿಟ್ಟು ಆರೋಗ್ಯ ಇಲಾಖೆಗೆ ತಿಳಿಸಬೇಕು. ಗಂಟಲಿನ ಕಡ್ಡಿ, ಮೂತ್ರ, ರಕ್ತ, ಬೇಕಿದ್ದರೆ ಬೆನ್ನುಹುರಿಯ ದ್ರವ, ಇವನ್ನು ಅವರು ಹೇಳಿದ ರೀತಿಯಲ್ಲೇ ನಿಗದಿತ ಲ್ಯಾಬಿಗೆ ಕಳಿಸಬೇಕು. 2018ರಲ್ಲಿ ಕಲ್ಲಿಕೋಟೆಯ ಸ್ಯಾಂಪಲಿನಲ್ಲಿ ನಿಪಾ ಮೊದಲು ಗುರುತಾದದ್ದು ಮಣಿಪಾಲದಲ್ಲಿ, ದೃಢಪಡಿಸಿದ್ದು ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ. ಅನುಮಾನದ ವಿಷಯವನ್ನು ಫಾರ್ಮಿನಲ್ಲಿ ಬರೆಯದೆ ‘ಜ್ವರ’ ಎಂದಷ್ಟೇ ಬರೆದು ಕಳಿಸಿದರೆ ಟ್ಯೂಬು ತೆರೆಯುವವರ ಜೀವದ ಜೊತೆ ಆಟವಾಡಿದಂತೆ.

ಪರೀಕ್ಷೆ ಮುಗಿದ ಮೇಲೆ ಕಡ್ಡಿ, ಟ್ಯೂಬುಗಳನ್ನು ಏನು ಮಾಡುತ್ತಾರೆ?

ಸ್ಯಾಂಪಲ್ ಟ್ಯೂಬುಗಳನ್ನು 121 ಡಿಗ್ರಿಯಲ್ಲಿ ಆಟೋಕ್ಲೇವ್ ಮಾಡಿ ಜೈವಿಕ ತ್ಯಾಜ್ಯಕ್ಕೆ ಕೊಡುತ್ತಾರೆ. ಮುಗಿದ ಪಿಸಿಆರ್ ಪ್ಲೇಟನ್ನು ಮಾತ್ರ ಆಟೋಕ್ಲೇವಿಗೆ ಹಾಕಬಾರದು. ಒತ್ತಡಕ್ಕೆ ಸೀಲು ಬಿಚ್ಚಿಕೊಂಡು ಅಷ್ಟೂ ಪ್ರತಿಗಳು ಹಬೆಯ ಜೊತೆ ಲ್ಯಾಬಿಡೀ ಹರಡಿ, ಮರುದಿನದಿಂದ ನೀರಿನ ಕಂಟ್ರೋಲೂ ಪಾಸಿಟಿವ್ ಬರತೊಡಗುತ್ತದೆ. ಸೀಲು ತೆಗೆಯದೆ ಎರಡು ಚೀಲದಲ್ಲಿ ಕಟ್ಟಿ ನೇರ ಸುಡಲು ಕಳಿಸುವುದು ಕ್ರಮ.